ಬಾಗಿಲು ಹಾಕ್ಕೊಂಡು ನಡೆಸೋ ಕಾನ್ಫರೆನ್ಸ್ ಕೆಲಸ ಮಾಡತ್ತಾ? ವಿಐಎಂ ಪ್ರಕರಣ ಅಧ್ಯಯನ

ಅಮೆರಿಕದ ರಾಜ್ಯಶಾಸ್ತ್ರ ವಿಭಾಗಗಳಲ್ಲಿ ಸರ್ವೇ ಡೇಟಾ, ರಿಗ್ರೆಷನ್, ಟೈಮ್ ಸೀರೀಸ್ ಅಂತ ತಲೆ ಕೆಡಿಸ್ಕೊಂಡು ಕೂತಿರೋ ಹೆಂಗಸರಿಗೋಸ್ಕರಾನೇ ಒಂದು ಸಣ್ಣ ಕಾನ್ಫರೆನ್ಸ್ ಇದೆ, ಹೆಸರು ವಿಷನ್ಸ್ ಇನ್ ಮೆಥಡಾಲಜಿ, ಚಿಕ್ಕದಾಗಿ ವಿಐಎಂ. 2000ರ ದಶಕದ ಕೊನೇಲಿ ಶುರುವಾಯ್ತು, ಹಿಂದೆ ನಿಂತವರಲ್ಲಿ ಮುಖ್ಯ ಹೆಸರು ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಜಾನೆಟ್ ಬಾಕ್ಸ್-ಸ್ಟೆಫನ್ಸ್‌ಮೈಯರ್, ದುಡ್ಡು ಬಂದಿದ್ದು ಎನ್‌ಎಸ್‌ಎಫ್‌ನಿಂದ, ಅಂದ್ರೆ ಅಮೆರಿಕ ಸರ್ಕಾರದ ವಿಜ್ಞಾನ ಫೌಂಡೇಷನ್‌ನಿಂದ. ಈಯಮ್ಮ ಸುಮ್ನೆ ಯಾರೋ ಅಲ್ಲ, ಒಂದು ಘಟನೆ ನಡೆಯೋಕೆ ಎಷ್ಟು ಕಾಲ ಹಿಡಿಯತ್ತೆ ಅನ್ನೋದನ್ನ ಅಳೆಯೋ ಈವೆಂಟ್ ಹಿಸ್ಟರಿ ಮಾಡೆಲ್‌ಗಳನ್ನ ರಾಜ್ಯಶಾಸ್ತ್ರದೊಳಗೆ ಗಟ್ಟಿಯಾಗಿ ಕೂರಿಸಿದವರಲ್ಲಿ ಒಬ್ರು, ಮುಂದೆ 2020-21ರಲ್ಲಿ ಅಮೆರಿಕನ್ ಪೊಲಿಟಿಕಲ್ ಸೈನ್ಸ್ ಅಸೋಸಿಯೇಷನ್ನಿನ ಅಧ್ಯಕ್ಷೆ ಕೂಡ ಆದ್ರು. ಅಂಥವರು ಕೂತು ಯೋಚ್ನೆ ಮಾಡಿ, ಹೆಂಗಸರೇ ಇರೋ ಒಂದು ರೂಮ್ ಬೇಕು ಅಂತ ತೀರ್ಮಾನ ಮಾಡಿದ್ರು ಅಂದ್ರೆ ಅದಕ್ಕೊಂದು ಕಾರಣ ಇರ್ಲೇಬೇಕು. ಆ ಕಾರಣ ಏನು, ಆ ರೂಮಲ್ಲಿ ಏನು ನಡೀತು, ಅದ್ರಿಂದ ಉಪಯೋಗ ಆಯ್ತು ಅಂತ ಹೇಳೋಕೆ ನಮ್ಮ ಕೈಯಲ್ಲಿರೋ ಪುರಾವೆ ಎಷ್ಟು ಗಟ್ಟಿ, ಇಷ್ಟನ್ನ ಇಲ್ಲಿ ಬಿಡಿಸಿ ನೋಡೋಣ ಅಂತ.

ಮೊದಲು ಈ ಫೀಲ್ಡ್ ಬಗ್ಗೆ. ರಾಜ್ಯಶಾಸ್ತ್ರದಲ್ಲಿ ಮೆಥಡ್ಸ್, ಅಂದ್ರೆ ಡೇಟಾನ ಅಳೆಯೋ ವಿಶ್ಲೇಷಿಸೋ ವಿಧಾನಗಳ ಅಧ್ಯಯನ, ಅನ್ನೋದು ಒಂದು ವಿಚಿತ್ರ ಜಾಗ. ಚುನಾವಣೆ ಓದೋರು ಒಂದು ಕಡೆ, ಯುದ್ಧ ಓದೋರು ಇನ್ನೊಂದು ಕಡೆ, ಕೋರ್ಟು ಓದೋರು ಮತ್ತೊಂದು ಕಡೆ ಇರ್ತಾರೆ, ಆದ್ರೆ ಇವರೆಲ್ರೂ ಯಾವ್ದೋ ಒಂದು ಹೊತ್ತಲ್ಲಿ ಮೆಥಡ್ಸ್ ಗೊತ್ತಿರೋರ ಹತ್ರ ಬರ್ಲೇಬೇಕು, ನನ್ ಡೇಟಾಗೆ ಯಾವ ಮಾಡೆಲ್ ಹಾಕ್ಲಿ, ಈ ಸ್ಟ್ಯಾಂಡರ್ಡ್ ಎರರ್ ಸರಿ ಇದ್ಯಾ ಅಂತ. ಹಾಗಾಗಿ ಮೆಥಡ್ಸ್ ಗುಂಪಲ್ಲಿ ಹೆಸರಿರೋರಿಗೆ ಎಲ್ಲಾ ಕಡೆಯಿಂದ ಕೋಆಥರ್, ಅಂದ್ರೆ ಜೊತೆ ಲೇಖಕರು, ಆಗಿ ಅಂತ ಕರೆ ಬರತ್ತೆ, ಒಳ್ಳೆ ಜರ್ನಲ್‌ಗಳ ದಾರಿ ಬೇಗ ತೆರೆಯತ್ತೆ. ಆ ಗುಂಪು ಶುರುವಾಗಿದ್ದು ಸಣ್ಣದಾಗೇ, 1984ರಲ್ಲಿ ಮಿಷಿಗನ್‌ನ ಆನ್ ಆರ್ಬರಲ್ಲಿ ಒಂದಷ್ಟು ಜನ ಬೇಸಿಗೇಲಿ ಸೇರಿದ್ರು, ಅದೇ ಆಮೇಲೆ ಪ್ರತಿ ವರ್ಷದ ಪಾಲ್‌ಮೆಥ್ ಮೀಟಿಂಗ್ ಆಯ್ತು, ಸೊಸೈಟಿ ಫಾರ್ ಪೊಲಿಟಿಕಲ್ ಮೆಥಡಾಲಜಿ ಆಯ್ತು, ಪೊಲಿಟಿಕಲ್ ಅನಾಲಿಸಿಸ್ ಅನ್ನೋ ಜರ್ನಲ್ ಆಯ್ತು. ಸಣ್ಣ ಗುಂಪಿನ ಲಾಭ ಏನು ಅಂದ್ರೆ ಎಲ್ರೂ ಎಲ್ರಿಗೂ ಗೊತ್ತು. ನಷ್ಟಾನೂ ಅದೇ, ಒಳಗಿಲ್ದೇ ಇರೋರು ಯಾರಿಗೂ ಗೊತ್ತಿಲ್ಲ.

ಹೆಂಗಸರು ಕಡಿಮೆ ಅನ್ನೋದು ಬರೀ ಮನಸ್ಸಿಗೆ ಅನ್ಸೋ ವಿಷ್ಯ ಅಲ್ಲ. ಡಾನ್ ಟೀಲ್ ಮತ್ತೆ ಕ್ಯಾಥ್ಲೀನ್ ಥೀಲೆನ್ 2000ದಿಂದ 2015ರ ತನಕ 10 ದೊಡ್ಡ ಜರ್ನಲ್‌ಗಳಲ್ಲಿ ಯಾರ್ಯಾರು ಬರೆದಿದ್ದಾರೆ ಅಂತ ಎಣಿಸಿ 2017ರಲ್ಲಿ ಪ್ರಕಟ ಮಾಡಿದ್ರು. ವೃತ್ತಿಯಲ್ಲಿ ಹೆಂಗಸರು ಎಷ್ಟಿದ್ದಾರೋ ಜರ್ನಲ್‌ಗಳಲ್ಲಿ ಆ ಪ್ರಮಾಣ ಕಾಣಿಸಲ್ಲ ಅನ್ನೋದು ಮೊದಲನೇ ಮಾತು, ಅದು ಎಲ್ರೂ ನಿರೀಕ್ಷೆ ಮಾಡಿದ್ದೇ. ಇಬ್ಬರು ಮೂವರು ಸೇರಿ ಬರೆಯೋ ಲೇಖನಗಳು ಆ ವರ್ಷಗಳಲ್ಲಿ ಜಾಸ್ತಿ ಆದ್ವು, ಆದ್ರೆ ಆ ಜಾಸ್ತಿಯಲ್ಲಿ ಹೆಂಗಸರಿಗೆ ಸಿಗಬೇಕಾದ ಪಾಲು ಸಿಗ್ಲಿಲ್ಲ, ಜೊತೆಯಾಗಿ ಬರೆದ ಲೇಖನಗಳಲ್ಲಿ ಜಾಸ್ತಿ ಇದ್ದಿದ್ದು ಬರೀ ಗಂಡಸರ ಟೀಮ್‌ಗಳು, ಇದು ಎರಡನೇದು, ನನಗೆ ಹೆಚ್ಚು ಮುಖ್ಯ ಅನ್ಸಿದ್ದು ಇದೇ. ಮೂರನೇದೂ ಒಂದಿತ್ತು, ದೊಡ್ಡ ಜರ್ನಲ್‌ಗಳು ಅಂಕಿಅಂಶದ ಕೆಲಸಕ್ಕೆ ಜಾಸ್ತಿ ಜಾಗ ಕೊಡ್ತಾವೆ, ಸಂದರ್ಶನ, ದಾಖಲೆ ಅಂತ ಹೋಗೋ ಗುಣಾತ್ಮಕ ಕೆಲಸ ಮಾಡೋರಲ್ಲಿ ಹೆಂಗಸರು ಹೆಚ್ಚು, ಹಾಗಾಗಿ ಅಲ್ಲೂ ಪೆಟ್ಟು. ಇದನ್ನ ಓದಿದ ಕೆಲವರು ತಕ್ಷಣ ಹೇಳಿದ್ದೇನು ಅಂದ್ರೆ, ಹಾಗಾದ್ರೆ ಹೆಂಗಸರೆಲ್ಲ ಲೆಕ್ಕ ಕಲೀಲಿ, ಮುಗೀತು! ಲೆಕ್ಕ ಕಲಿತ ಹೆಂಗಸರ ಕಥೆ ಏನಾಗಿದೆ ಅಂತ ಇವರು ಯಾರೂ ಕೇಳಲ್ಲ. ವಿಐಎಂ ಇರೋದೇ ಆ ಕಲಿತವರಿಗೆ.

ಇನ್ನೊಂದು ತುಣುಕು ಸೇರಿಸ್ಲಿಲ್ಲ ಅಂದ್ರೆ ಚಿತ್ರ ತಪ್ಪಾಗತ್ತೆ. ಟೀಲ್-ಥೀಲೆನ್ ಲೆಕ್ಕ ಬಂದ ಮೇಲೆ ನೇಡಿಯಾ ಬ್ರೌನ್ ಮತ್ತೆ ಡೇವಿಡ್ ಸ್ಯಾಮ್ಯುಯೆಲ್ಸ್ 2018ರಲ್ಲಿ ಐದು ಜರ್ನಲ್‌ಗಳ ಸಂಪಾದಕರ ಕೈಲಿ ಅವರವರ ಒಳಗಿನ ದಾಖಲೆ ತೆಗೆಸಿ ನೋಡಿಸಿದ್ರು, ಬಂದ ಲೇಖನ ಎಷ್ಟು, ರಿವ್ಯೂಗೆ ಹೋಗಿದ್ದೆಷ್ಟು, ಒಪ್ಪಿಗೆ ಆಗಿದ್ದೆಷ್ಟು ಅಂತ. ಸಂಪಾದಕರ ಟೇಬಲ್ ಮೇಲೆ ಹೆಂಗಸರ ಲೇಖನಗಳಿಗೆ ವ್ಯವಸ್ಥಿತವಾಗಿ ಅನ್ಯಾಯ ಆಗ್ತಿದೆ ಅನ್ನೋಕೆ ಪುರಾವೆ ಸಿಗ್ಲಿಲ್ಲ. ಕೆಲವರು ಇದನ್ನ ಓದಿ ನೋಡಿದ್ರಾ ಸಮಸ್ಯೆನೇ ಇಲ್ಲ ಅಂತ ಕೈ ತೊಳ್ಕೊಂಡ್ರು. ನನಗೆ ಅನ್ಸೋದು ಪೂರ್ತಿ ಉಲ್ಟಾ, ಟೇಬಲ್ ಹತ್ರ ಸೋರಿಕೆ ಇಲ್ಲ ಅಂದ್ರೆ ಅದು ಟೇಬಲ್‌ಗೆ ಬರೋಕ್ಕಿಂತ ಮುಂಚೇನೇ ಆಗ್ತಿದೆ ಅಂತ ಅರ್ಥ, ಲೇಖನ ಕಳ್ಸೋ ಧೈರ್ಯ ಯಾರಿಗೆ ಬಂತು, ಡ್ರಾಫ್ಟನ್ನ ಮೊದಲು ಯಾರು ಓದಿ ಕೊಟ್ರು, ಜೊತೇಲಿ ಬರೆಯೋಣ ಬಾ ಅಂತ ಯಾರನ್ನ ಯಾರು ಕರೆದ್ರು, ಅಲ್ಲಿ. ನಿಯಮ ತಿದ್ದಿ ಇದನ್ನ ಸರಿ ಮಾಡೋಕಾಗಲ್ಲ, ಯಾಕಂದ್ರೆ ಈ ಜಾಗದಲ್ಲಿ ನಿಯಮ ಅನ್ನೋದೇ ಇಲ್ಲ, ಇರೋದು ಬರೀ ಪರಿಚಯ.

ಹಾಗಾಗಿ ಕಾನ್ಫರೆನ್ಸ್ ರೂಮಿನೊಳಗೆ ಏನಾಗತ್ತೆ ಅನ್ನೋದು ಕೇಳಬೇಕಾದ ಪ್ರಶ್ನೆ. ಕಾರ್ಟರ್, ಕ್ರಾಫ್ಟ್, ಲೂಕಸ್, ಸ್ಯಾಂಡ್‌ಸ್ಟ್ರಾಮ್ ಅನ್ನೋ ನಾಲ್ವರು 10 ದೇಶಗಳ 35 ಸಂಸ್ಥೆಗಳಲ್ಲಿ 247 ಸೆಮಿನಾರ್‌ಗಳನ್ನ ಕೂತು ಗಮನಿಸಿ 2018ರಲ್ಲಿ ಬರೆದಿದ್ದಾರೆ, ರಾಜ್ಯಶಾಸ್ತ್ರಕ್ಕೇ ಸೀಮಿತ ಅಲ್ಲ, ಬೇರೆ ಬೇರೆ ವಿಷಯದವು. ರೂಮಲ್ಲಿ ಹೆಂಗಸರ ಪ್ರಮಾಣ ಎಷ್ಟಿದೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡ ಮೇಲೂ ಒಬ್ಬ ಗಂಡಸು ಪ್ರಶ್ನೆ ಕೇಳೋ ಸಂಭವ ಒಬ್ಬ ಹೆಂಗಸಿಗಿಂತ ಎರಡೂವರೆ ಪಟ್ಟು ಜಾಸ್ತಿ. ಮೊದಲ ಪ್ರಶ್ನೆ ಗಂಡಸಿಂದ ಬಂದ್ರೆ ಆಮೇಲೆ ಹೆಂಗಸರು ಕೇಳೋದು ಇನ್ನೂ ಕಡಿಮೆ. ಇದು ಸಣ್ಣ ವಿಷ್ಯ ಅನ್ಸಬಹುದು, ಆದ್ರೆ ಮೆಥಡ್ಸ್ ಪ್ರಪಂಚದಲ್ಲಿ ಜನ ನಿಮ್ಮನ್ನ ನೆನಪಿಟ್ಕೊಳ್ಳೋದೇ ಪ್ರಶ್ನೆಯಿಂದ, ಆ ಹುಡುಗಿ ಎಂಡೋಜೆನಿಟಿ, ಅಂದ್ರೆ ಕಾರಣ ಯಾವ್ದು ಪರಿಣಾಮ ಯಾವ್ದು ಅನ್ನೋ ಗೋಜಲಿನ ಬಗ್ಗೆ ಸರಿಯಾಗಿ ಹಿಡಿದ್ಳಲ್ಲ ಅಂತ ಯಾರೋ ಹಿರಿಯರು ಊಟದ ಹೊತ್ತಲ್ಲಿ ಮಾತಾಡ್ಸೋಕೆ ಬರ್ತಾರೆ, ಅಲ್ಲಿಂದ ಒಂದು ಪ್ರಾಜೆಕ್ಟ್ ಹುಟ್ಟತ್ತೆ. ಕೇಳದೇ ಕೂತವರ ಹತ್ರ ಯಾರೂ ಬರಲ್ಲ.

ಹೋಗ್ಲಿ, ಕೋಆಥರ್ ಸಿಕ್ಕಿದ್ರು ಅಂತಾನೇ ಇಟ್ಕೊಳ್ಳಿ. ಅರ್ಥಶಾಸ್ತ್ರದಲ್ಲಿ ಹೀದರ್ ಸಾರ್ಸನ್ಸ್ ಮಾಡಿದ ಕೆಲಸ ಇದೆ, ಟೆನ್ಯೂರ್, ಅಂದ್ರೆ ಕಾಯಂ ಪ್ರೊಫೆಸರ್ ಹುದ್ದೆ, ಕೊಡೋವಾಗ ಜಂಟಿ ಲೇಖನಕ್ಕೆ ಯಾರಿಗೆ ಎಷ್ಟು ಕ್ರೆಡಿಟ್ ಸಿಗತ್ತೆ ಅಂತ. ಗಂಡಸರಿಗೆ ಒಬ್ಬರೇ ಬರೆದ್ರೂ ಸೇರಿ ಬರೆದ್ರೂ ಹೆಚ್ಚು ಕಡಿಮೆ ಒಂದೇ, ಹೆಂಗಸರಿಗೆ ಸೇರಿ ಬರೆದಾಗ ಕ್ರೆಡಿಟ್ ಇಳಿಯತ್ತೆ, ಅದರಲ್ಲೂ ಗಂಡಸರ ಜೊತೆ ಬರೆದ್ರೆ. ಮೆಥಡ್ಸ್ ಲೇಖನದಲ್ಲಿ ಇದು ಇನ್ನೂ ಕೆಟ್ಟದಾಗಿ ಇರಬಹುದು ಅನ್ನೋದು ನನ್ನ ಊಹೆ, ಯಾಕಂದ್ರೆ ಮಾಡೆಲ್ ಬರೆದಿದ್ದು ಯಾರು, ಕೋಡ್ ಬರೆದಿದ್ದು ಯಾರು ಅಂತ ಹೊರಗಿನವರು ಮನಸ್ಸಲ್ಲೇ ಹಂಚಿಬಿಡ್ತಾರೆ. ಊಹೆ ಅಂತಾನೇ ಹೇಳ್ತಿದೀನಿ, ಪುರಾವೆ ಅಂತ ಅಲ್ಲ.

ಈಗ ವಿಐಎಂ ಒಳಗೆ ಬರೋಣ. ಇದನ್ನ ಕ್ಲೋಸ್ಡ್ ಕಾನ್ಫರೆನ್ಸ್ ಅಂತಾರೆ, ಯಾರು ಬೇಕಾದ್ರೂ ನೋಂದಣಿ ಮಾಡಿಸ್ಕೊಂಡು ಬರೋ ಹಾಗಿಲ್ಲ, ಅರ್ಜಿ ಹಾಕಿ ಆಯ್ಕೆಯಾಗಿ ಬರಬೇಕು. ಪಿಎಚ್‌ಡಿ ವಿದ್ಯಾರ್ಥಿನಿಯರು, ಹೊಸದಾಗಿ ಕೆಲಸ ಸಿಕ್ಕವರು, ಹಿರಿಯ ಪ್ರೊಫೆಸರ್‌ಗಳು ಒಂದೇ ರೂಮಲ್ಲಿ. ಪೇಪರ್ ಓದೋದು, ಅದರ ಮೇಲೆ ಚರ್ಚೆ, ಜೊತೆಗೆ ವೃತ್ತಿ ಹೇಗೆ ಸಾಗಿಸೋದು ಅನ್ನೋದ್ರ ಬಗ್ಗೆ ಸೆಷನ್‌ಗಳು. ಒಂದೇ ಕಡೆ ಅಂಟ್ಕೊಂಡಿಲ್ಲ, ಅಯೋವಾ, ಕೆಂಟಕಿ, ಕೆನಡಾದ ಮೆಕ್‌ಮಾಸ್ಟರ್ ಹೀಗೆ ಬೇರೆ ಬೇರೆ ಯೂನಿವರ್ಸಿಟಿಗಳಿಗೆ ತಿರುಗಾಡಿದೆ, ಇದೂ ಜಾಣತನಾನೇ, ಪ್ರತಿ ಸಲ ಅತಿಥೇಯ ವಿಭಾಗದಲ್ಲಿ ಒಬ್ಬರು ಸಂಘಟಕಿ ಆಗಿ ಬೆಳೀತಾರೆ.

ಹೊರಗಿಂದ ನೋಡಿದವರಿಗೆ ಇದು ಸಮಾಧಾನ ಹೇಳೋ ಕೂಟದ ಥರ ಕಾಣಬಹುದು, ಬಂದು ಕಷ್ಟ ಸುಖ ಹೇಳ್ಕೊಂಡು ಒಬ್ಬರ ಬೆನ್ನು ಒಬ್ಬರು ತಟ್ಟಿ ಹೋಗೋದು ಅಂತ. ಡಿಸೈನ್ ನೋಡಿದ್ರೆ ಹಾಗಿಲ್ಲ. ಅಲ್ಲಿ ನಡೆಯೋದು ಮೆಥಡ್ಸ್ ಪೇಪರ್‌ಗಳ ಚರ್ಚೆ, ಅಂದ್ರೆ ಇದರಿಂದಲೇ ಅದಾಯ್ತು ಅನ್ನೋ ನಿನ್ನ ಐಡೆಂಟಿಫಿಕೇಷನ್ ಊಹೆ ನಿಲ್ಲಲ್ಲ, ಈ ಸಿಮ್ಯುಲೇಷನ್ ನಿನಗೆ ಬೇಕಾದ ಉತ್ತರಾನೇ ಕೊಡೋ ಹಾಗೆ ಕಟ್ಟಿದೀಯ, ಮಿಸ್ಸಿಂಗ್ ಡೇಟಾಗೆ ಏನ್ ಮಾಡ್ದೆ ಅಂತ ಕೇಳೋದೇ ಅಲ್ಲಿಯ ಕೆಲಸ. ವ್ಯತ್ಯಾಸ ಒಂದೇ, ಕೇಳೋರೂ ಹೆಂಗಸ್ರು, ಉತ್ತರ ಕೊಡೋರೂ ಹೆಂಗಸ್ರು, ಅಧ್ಯಕ್ಷತೆ ವಹಿಸೋರೂ ಹೆಂಗಸ್ರು, ಹಾಗಾಗಿ ಪ್ರಶ್ನೆ ಬಂದಾಗ ಇದು ನನ್ನ ಲೇಖನದ ಬಗ್ಗೆನಾ ಇಲ್ಲ ನಾನು ಇಲ್ಲಿರೋದರ ಬಗ್ಗೆನಾ ಅನ್ನೋ ಇನ್ನೊಂದು ಲೆಕ್ಕ ತಲೇಲಿ ಓಡ್ಸೋದು ಬೇಕಿಲ್ಲ. ಒಂದು ವಿಭಾಗದಲ್ಲಿ ಮೆಥಡ್ಸ್ ಮಾಡೋ ಹೆಣ್ಣು ಒಬ್ಬಳೇ ಇದ್ರೆ ಅವಳು ತಪ್ಪು ಮಾಡಿದಾಗ ಎಲ್ಲಾ ಹೆಂಗಸರ ಪರವಾಗಿ ತಪ್ಪು ಮಾಡಿದ ಹಾಗೆ. ರೂಮ್ ತುಂಬಾ ಅವರೇ ಇದ್ರೆ ತಪ್ಪು ಬರೀ ತಪ್ಪು, ತಿದ್ಕೊಂಡು ಮುಂದಿನ ಸ್ಲೈಡಿಗೆ ಹೋಗಬಹುದು.

ಸರಿ, ಉಪಯೋಗ ಆಯ್ತಾ? ಇಲ್ಲೇ ಈ ಪ್ರಕರಣ ರುಚಿ ಕಟ್ಟೋದು, ಯಾಕಂದ್ರೆ ಕಾರಣ-ಪರಿಣಾಮ ಬಿಡಿಸೋದನ್ನೇ ಕಸುಬು ಮಾಡ್ಕೊಂಡವರ ಮೇಲೆ ಅವರದೇ ಅಸ್ತ್ರ ಬಿಡಬೇಕು. ಆಗ ಕೆಂಟಕಿ ಯೂನಿವರ್ಸಿಟಿಯಲ್ಲಿದ್ದ ಟಿಫನಿ ಬಾರ್ನ್ಸ್ ಮತ್ತೆ ಎಮಿಲಿ ಬೋಲ್ಯೂ 2017ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. ರಾಜ್ಯಶಾಸ್ತ್ರಜ್ಞರ ಸರ್ವೇ, ಅದರಲ್ಲಿ ವಿಐಎಂಗೆ ಹೋದವರನ್ನ ಬೇಕಂತಲೇ ಜಾಸ್ತಿ ಸೇರಿಸ್ಕೊಂಡ್ರು, ಆಮೇಲೆ ಮ್ಯಾಚಿಂಗ್ ಮಾಡಿದ್ರು. ಗೊತ್ತಿಲ್ದೇ ಇರೋರಿಗೆ, ಮ್ಯಾಚಿಂಗ್ ಅಂದ್ರೆ ವಿಐಎಂಗೆ ಹೋದ ಒಬ್ಬಳಿಗೆ, ಹೋಗದೇ ಇರೋ ಆದ್ರೆ ಬೇರೆಲ್ಲಾ ಕಾಣೋ ವಿಷ್ಯದಲ್ಲಿ ಅವಳ ಹಾಗೇ ಇರೋ ಜೋಡಿ ಹುಡುಕಿ, ಇಬ್ಬರನ್ನ ಹೋಲಿಸೋದು. ಫಲಿತಾಂಶ ಏನಂದ್ರೆ ಹೋದ ಹೆಂಗಸರ ನೆಟ್‌ವರ್ಕ್ ಚೆನ್ನಾಗಿದೆ, ಪ್ರಕಟಣೆಯೂ ಜಾಸ್ತಿ.

ಖುಷಿ ಪಡೋ ವಿಷ್ಯಾನೇ, ಆದ್ರೆ ಅಲ್ಲೇ ನಿಲ್ಲೋಣ. ಮ್ಯಾಚಿಂಗಲ್ಲಿ ಜೋಡಿ ಮಾಡೋದು ಕಾಣೋ ಗುಣಗಳ ಮೇಲೆ. ಅರ್ಜಿ ಹಾಕಿ ಆಯ್ಕೆಯಾಗಿ ಹೋಗೋಳು ಕಾಣದೇ ಇರೋ ವಿಷ್ಯಗಳಲ್ಲೂ ಬೇರೆ ಇರಬಹುದಲ್ವಾ, ಹಠ ಜಾಸ್ತಿ ಇರಬಹುದು, ಬೆನ್ನ ಹಿಂದೆ ನಿಂತು ಹೋಗಮ್ಮ ಅಂತ ದಬ್ಬೋ ಗೈಡ್ ಇರಬಹುದು, ಆ ವರ್ಷ ಕೈಯಲ್ಲಿ ಒಳ್ಳೆ ಡ್ರಾಫ್ಟ್ ಇದ್ದಿರಬಹುದು. ಅಂಥವಳು ವಿಐಎಂ ಇಲ್ಲದೇ ಇದ್ದಿದ್ರೂ ಮುಂದೆ ಬರ್ತಿದ್ಳೋ ಏನೋ. ನೆಟ್‌ವರ್ಕ್ ವಿಷ್ಯದಲ್ಲಿ ಇನ್ನೂ ಗೋಜಲು, ನೆಟ್‌ವರ್ಕ್ ಚೆನ್ನಾಗಿರೋಳಿಗೇ ತಾನೇ ಇಂಥದ್ದೊಂದು ಕಾನ್ಫರೆನ್ಸ್ ಇದೆ ಅಂತ ಮೊದಲು ಗೊತ್ತಾಗೋದು? ಜೊತೆಗೆ ವಿಐಎಂ 2015ರಲ್ಲಿ ನಡೆದಿದ್ದು ಕೆಂಟಕಿಯಲ್ಲೇ, ಅಂದ್ರೆ ಅಳೆದವರು ತೀರಾ ಹೊರಗಿನವರಲ್ಲ. ಇದರಿಂದ ಫಲಿತಾಂಶ ಸುಳ್ಳಾಗಲ್ಲ, ಓದೋವಾಗ ತಲೇಲಿ ಇಟ್ಕೋಬೇಕು ಅಷ್ಟೇ.

ಪಕ್ಕದ ಮನೆ ಅರ್ಥಶಾಸ್ತ್ರದವರು ಇದೇ ಪ್ರಶ್ನೆಗೆ ಹೆಚ್ಚು ಗಟ್ಟಿ ದಾರಿ ಹಿಡಿದ್ರು. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ನಿನ ಮಹಿಳಾ ಸಮಿತಿ 2004ರಲ್ಲಿ ಸೆಮೆಂಟ್ ಅನ್ನೋ ಮೆಂಟರಿಂಗ್ ವರ್ಕ್‌ಶಾಪ್ ಶುರು ಮಾಡ್ತು, ಕಿರಿಯ ಪ್ರೊಫೆಸರ್‌ಗಳನ್ನ ಸಣ್ಣ ಗುಂಪು ಮಾಡಿ, ಹಿರಿಯರ ಜೊತೆ ಕೂರಿಸಿ ಒಬ್ಬರ ಕೆಲಸ ಒಬ್ಬರು ಓದೋದು. ಸೀಟು ಕಡಿಮೆ, ಅರ್ಜಿ ಜಾಸ್ತಿ, ಸರಿ ಲಾಟರಿ ಎತ್ತಿಬಿಟ್ರು. ಲಾಟರಿ ಎತ್ತಿದ ಕ್ಷಣ ಹಠ, ಗೈಡ್, ಡ್ರಾಫ್ಟ್ ಎಲ್ಲಾ ಎರಡೂ ಕಡೆ ಸರಾಸರಿ ಸಮ ಆಗೋಯ್ತು. ಫ್ರಾನ್ಸೀನ್ ಬ್ಲೌ, ಜಾನೆಟ್ ಕರಿ, ರೇಚಲ್ ಕ್ರೋಸನ್, ಡೋನಾ ಗಿಂತರ್ 2010ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2004ರ ಬ್ಯಾಚಲ್ಲಿ ಸೀಟು ಸಿಕ್ಕವರು ಐದು ವರ್ಷ ಆದ್ಮೇಲೆ, ಸೀಟು ಸಿಗದೇ ಇದ್ದವರಿಗಿಂತ ಸರಾಸರಿ 3 ಲೇಖನ ಹೆಚ್ಚು ಪ್ರಕಟ ಮಾಡಿದ್ರು, ಸರ್ಕಾರಿ ರಿಸರ್ಚ್ ಗ್ರಾಂಟ್ ಸರಾಸರಿ 0.4 ಜಾಸ್ತಿ, ಟಾಪ್ ಜರ್ನಲಲ್ಲಿ ಬರೆಯೋ ಸಂಭವ 25 ಪರ್ಸೆಂಟೇಜ್ ಪಾಯಿಂಟ್ ಮೇಲೆ. 2020ರಲ್ಲಿ ಅದೇ ನಾಲ್ವರು ಮತ್ತೆ ನೋಡಿದಾಗ ಟೆನ್ಯೂರಲ್ಲೂ ವ್ಯತ್ಯಾಸ ಕಾಣಿಸ್ತು. ಮೆಂಟರಿಂಗ್ ಅಂದ್ರೆ ಬರೀ ಬಾಯಿ ಮಾತು ಅಂತ ಮೂಗು ಮುರಿಯೋರಿಗೆ ಇದು ನುಂಗೋಕೆ ಕಷ್ಟದ ಸಂಖ್ಯೆ.

ಸೆಮೆಂಟ್ ಫಲಿತಾಂಶಾನ ವಿಐಎಂಗೆ ಹಾಗೇ ಎತ್ತಿ ಹಾಕೋಕಾಗಲ್ಲ, ಅಲ್ಲಿ ಬಂದವರು ಕೆಲಸ ಸಿಕ್ಕವರು, ಇಲ್ಲಿ ವಿದ್ಯಾರ್ಥಿನಿಯರೂ ಇದ್ದಾರೆ, ಫೀಲ್ಡೂ ಬೇರೆ. ಆದ್ರೆ ಎರಡರ ಒಳಗಿನ ಯಂತ್ರ ಒಂದೇ ಥರ ಕಾಣತ್ತೆ, ಸಣ್ಣ ಗುಂಪು, ಒಂದೇ ವಿಷಯದವರು, ಕೈಯಲ್ಲಿ ನಿಜವಾದ ಡ್ರಾಫ್ಟ್, ಎದುರಿಗೆ ಓದಿಕೊಂಡು ಬಂದಿರೋ ಹಿರಿಯರು. ಧೈರ್ಯ ತುಂಬೋ ಭಾಷಣ ಎಲ್ಲಾ ಕಡೆ ಸಿಗತ್ತೆ, ಓದಿಕೊಂಡು ಬಂದಿರೋ ಹಿರಿಯರು ಸಿಗಲ್ಲ, ನನ್ನ ಪ್ರಕಾರ ಕೆಲಸ ಮಾಡಿದ್ದು ಅದು.

ವಿರೋಧಾನೂ ಇದೆ, ಅದನ್ನ ತಳ್ಳಿಹಾಕೋ ಹಾಗಿಲ್ಲ. ಹೆಂಗಸರನ್ನ ಬೇರೆ ರೂಮಿಗೆ ಕಳಿಸಿದ್ರೆ ಮುಖ್ಯ ರೂಮ್ ಹೇಗಿತ್ತೋ ಹಾಗೇ ಇರತ್ತೆ ಅಲ್ವಾ, ಪಾಲ್‌ಮೆಥಲ್ಲಿ ಪ್ರಶ್ನೆ ಕೇಳೋ ರೀತಿ ಬದಲಾಗ್ದೇ ವಿಐಎಂಲಿ ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ಏನು? ಇದಕ್ಕೆ ಮಿಷೆಲ್ ಡಿಯಾನ್, ಜೇನ್ ಸಮ್ನರ್, ಸಾರಾ ಮಿಚೆಲ್ 2018ರಲ್ಲಿ ಮಾಡಿದ ಸೈಟೇಷನ್ ಅಧ್ಯಯನ ಅರ್ಧ ಉತ್ತರ ಕೊಡತ್ತೆ. 2007ರಿಂದ 2016ರ ತನಕ ರಾಜ್ಯಶಾಸ್ತ್ರದ ಬೇರೆ ಬೇರೆ ಉಪವಿಭಾಗಗಳಲ್ಲಿ, ಹಾಗೇ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರದ ಮೆಥಡ್ಸ್ ಜರ್ನಲ್‌ಗಳಲ್ಲಿ ಯಾರು ಯಾರನ್ನ ಉಲ್ಲೇಖ ಮಾಡ್ತಾರೆ ಅಂತ ನೋಡಿದ್ರು. ಹೆಂಗಸರು ಹೆಂಗಸರನ್ನ ಹೆಚ್ಚು ಉಲ್ಲೇಖ ಮಾಡ್ತಾರೆ, ಫೀಲ್ಡಲ್ಲಿ ಹೆಂಗಸರು ಹೆಚ್ಚಾದ ಹಾಗೆ ಉಲ್ಲೇಖದಲ್ಲಿ ಗಂಡಸರಿಗೂ ಹೆಂಗಸರಿಗೂ ಇರೋ ಅಂತರ ಸಣ್ಣದಾಗತ್ತೆ. ಅಷ್ಟರ ಮಟ್ಟಿಗೆ ವಿಐಎಂ ಮಾಡ್ತಿರೋದು ಸರಿ, ಜನ ಉಳಿದ್ರೆ ತಾನೇ ಪ್ರಮಾಣ ಏರೋದು. ಆದ್ರೆ ಅದೇ ಅಧ್ಯಯನದಲ್ಲಿ ಹೆಚ್ಚಾಗಿ ಹೆಂಗಸರೇ ಬರೆಯೋ ಜರ್ನಲ್‌ಗಳಲ್ಲೂ ಹೆಂಗಸರ ಕೆಲಸಕ್ಕೆ ಸಲ್ಲಬೇಕಾದಷ್ಟು ಉಲ್ಲೇಖ ಸಿಗ್ತಿಲ್ಲ ಅಂತಾನೂ ಬಂತು. ಅಂದ್ರೆ ಸಂಖ್ಯೆ ಏರಿದ್ರೆ ಎಲ್ಲಾ ತಾನಾಗೇ ಸರಿ ಹೋಗತ್ತೆ ಅನ್ನೋ ಆಸೆ ಬಿಡಬೇಕು. ಸಮ್ನರ್ ಇದಕ್ಕೊಂದು ಟೂಲೇ ಮಾಡಿದ್ದಾರೆ, ನಿಮ್ಮ ಪಠ್ಯಕ್ರಮದ ಪಟ್ಟಿಯನ್ನೋ ಲೇಖನದ ಕೊನೇಲಿರೋ ಉಲ್ಲೇಖಗಳನ್ನೋ ಅದಕ್ಕೆ ಕೊಟ್ರೆ ಹೆಸರುಗಳ ಆಧಾರದ ಮೇಲೆ ಹೆಂಗಸರ ಪ್ರಮಾಣ ಎಷ್ಟಿರಬಹುದು ಅಂತ ಅಂದಾಜು ಕೊಡತ್ತೆ. ಹೆಸರು ನೋಡಿ ಊಹೆ ಮಾಡೋದ್ರಲ್ಲಿ ತಪ್ಪಾಗತ್ತೆ, ಎಲ್ಲಾ ದೇಶದ ಹೆಸರೂ ಸರಿಯಾಗಿ ಹಿಡಿಯಲ್ಲ, ಆದ್ರೂ ಗಂಡಸು ಪ್ರೊಫೆಸರ್ ಒಬ್ಬರೇ ಕೂತು ತಮ್ಮ ಪಟ್ಟಿ ನೋಡ್ಕೊಳ್ಳೋಕೆ ಸಾಕು.

ಇನ್ನು ವಿಐಎಂ ಥರದ್ದು ಯಾಕೆ, ಎಲ್ರಿಗೂ ಸಮನಾಗಿ ಅನ್ವಯ ಆಗೋ ಪಾಲಿಸಿ ಮಾಡಿ ಅನ್ನೋರಿಗೆ ಒಂದು ಎಚ್ಚರಿಕೆ. ಮಗು ಆದಾಗ ಟೆನ್ಯೂರ್ ಗಡಿಯಾರ, ಅಂದ್ರೆ ಕಾಯಂ ಆಗೋಕೆ ಇರೋ ಗಡುವು, ಒಂದು ವರ್ಷ ನಿಲ್ಲಿಸೋ ಸೌಲಭ್ಯಾನ ಗಂಡಸರಿಗೂ ಹೆಂಗಸರಿಗೂ ಒಂದೇ ಥರ ಕೊಟ್ರು, ಕೇಳೋಕೆ ಎಷ್ಟು ನ್ಯಾಯ ಅಲ್ವಾ. ಆಂಟೆಕಾಲ್, ಬೆಡಾರ್ಡ್, ಸ್ಟರ್ನ್ಸ್ 2018ರಲ್ಲಿ ಅಮೆರಿಕದ ಟಾಪ್ 50 ಅರ್ಥಶಾಸ್ತ್ರ ವಿಭಾಗಗಳನ್ನ ನೋಡಿದ್ರೆ ಗಂಡಸರಿಗೆ ಟೆನ್ಯೂರ್ ಸಿಗೋದು ಜಾಸ್ತಿ ಆಗಿದೆ, ಹೆಂಗಸರಿಗೆ ಕಡಿಮೆ ಆಗಿದೆ. ಗಡಿಯಾರ ನಿಂತಾಗ ಯಾರಿಗೆ ಬರೆಯೋಕೆ ಟೈಮ್ ಸಿಕ್ತು ಅಂತ ಬಿಡಿಸಿ ಹೇಳಬೇಕಾ?

ಹಾಗಾದ್ರೆ ಬೇರೆ ಯಾರಾದ್ರೂ ಇದನ್ನ ಮಾಡ್ಬೇಕು ಅಂದ್ರೆ ವಿಐಎಂಯಿಂದ ಏನು ತಗೋಬೇಕು. ಬಾಗಿಲು ಹಾಕಿರೋದಲ್ಲ, ಡ್ರಾಫ್ಟ್ ಇಲ್ದೇ ಒಳಗೆ ಬರೋ ಹಾಗಿಲ್ಲ, ಓದದೇ ಚರ್ಚೆಗೆ ಕೂರೋ ಹಾಗಿಲ್ಲ ಅನ್ನೋ ಶಿಸ್ತು. ಹಿರಿಯರ ಪ್ರಯಾಣಕ್ಕೂ ಬಜೆಟ್ ಇಡಬೇಕು, ವಿದ್ಯಾರ್ಥಿನಿಯರದ್ದು ಮಾತ್ರ ಅಲ್ಲ, ಯಾಕಂದ್ರೆ ಇಂಥ ಮೆಂಟರಿಂಗ್ ಕೆಲಸ ಬೀಳೋದು ಬೆರಳೆಣಿಕೆಯ ಹಿರಿಯ ಹೆಂಗಸರ ತಲೆ ಮೇಲೇನೇ, ಅವರ ರಿಸರ್ಚ್ ಟೈಮನ್ನ ತಿಂದು ಕಿರಿಯರನ್ನ ಬೆಳೆಸೋದು ಅಂದ್ರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ ಹಾಗೆ. ಅವರ ವಿಭಾಗ ಇದನ್ನ ಕೆಲಸದ ಲೆಕ್ಕಕ್ಕೆ ಹಾಕಬೇಕು, ಸೇವೆ ಅಂತ ಒಂದು ಸಾಲಲ್ಲಿ ಮುಗಿಸಬಾರ್ದು. ಮತ್ತೆ ಅರ್ಜಿ ಸೀಟಿಗಿಂತ ಜಾಸ್ತಿ ಬಂದ ವರ್ಷ, ಅರ್ಹತೆ ಇರೋರಲ್ಲಿ ಲಾಟರಿ ಎತ್ತಿ, ಸೀಟು ಸಿಗದೇ ಇದ್ದವರ ಪಟ್ಟೀನ ಜೋಪಾನವಾಗಿ ಇಟ್ಕೊಳ್ಳಿ, ಅವರ ಒಪ್ಪಿಗೆ ಮೊದಲೇ ತಗೊಂಡು. ಒಂದು ವರ್ಷದ ಪಟ್ಟಿ ಸಣ್ಣದಿರತ್ತೆ, ಅದರಿಂದ ಏನೂ ಹೇಳೋಕಾಗಲ್ಲ, ನಾಲ್ಕೈದು ವರ್ಷದ್ದು ಕೂಡಿಸಿದ್ರೆ ಅಂದಾಜಿನ ವ್ಯಾಪ್ತಿ ಸ್ವಲ್ಪ ಕಿರಿದಾಗತ್ತೆ. ಆಮೇಲೆ ಪ್ರಕಟಣೆ ಎಷ್ಟು ಅಂತ ಮಾತ್ರ ಎಣಿಸ್ಬೇಡಿ, ಡ್ರಾಫ್ಟ್ ಕಳಿಸಿದ್ರೆ ಓದಿ ಕೊಡೋರು ನಿಮಗೆ ಎಷ್ಟು ಜನ ಇದ್ದಾರೆ ಅಂತ ಎರಡೂ ಗುಂಪಿನವರನ್ನ ಕೇಳಿ.